ಕಥನ ಸಾಹಿತ್ಯ ಮತ್ತು ಇಂಗ್ಲಿಷ್ ಕಲಿಕೆ: ಬೆಂಗಳೂರು ಗ್ರಾಮಾಂತರ ಪರಿಸರದ ಒಂದು ಅವಲೋಕನ

ಮೈಸೂರು ಸಂಸ್ಥಾನದ ಇಂಗ್ಲಿಷ್ ಶಿಕ್ಷಣದ ಇತಿಹಾಸವು ಬಹುಮಟ್ಟಿಗೆ ಕಾಲೇಜುಗಳ ಇತಿಹಾಸವಾಗಿಯೇ ರಚಿತವಾಗಿದೆ. 1857ರಲ್ಲಿ ಶಿಕ್ಷಣ ಇಲಾಖೆ ರೂಪುಗೊಂಡುದು, 1858ರಲ್ಲಿ ಆರಂಭವಾದ ಬೆಂಗಳೂರು ಹೈಸ್ಕೂಲು 1875ರಲ್ಲಿ ಸೆಂಟ್ರಲ್ ಕಾಲೇಜಾದುದು ಸುಪರಿಚಿತ ಸಂಗತಿಗಳು. ಆದರೆ ನಗರದ ಸುತ್ತಲಿನ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ವಿದ್ಯಾರ್ಥಿಯ ಸಮಸ್ಯೆ ಬೇರೆ ಬಗೆಯದು. ಮನೆಯಲ್ಲಾಗಲಿ ಮಗ್ಗದ ಬಳಿಯಲ್ಲಾಗಲಿ ಸಂತೆಯಲ್ಲಾಗಲಿ ಕಿವಿಗೆ ಬೀಳದ ಭಾಷೆಯೊಂದರ ಕಥೆಯನ್ನು ಆತ ತನ್ನದಾಗಿಸಿಕೊಳ್ಳುವುದು ಹೇಗೆ? ತೆಲುಗು, ಉರ್ದು ಮನೆಮಾತಿನ ಅನೇಕ ಮಕ್ಕಳಿಗೆ ಇಂಗ್ಲಿಷು ಎರಡನೆಯದಲ್ಲ, ಮೂರನೆಯ ಭಾಷೆ.

ಈ ಪ್ರಶ್ನೆಗೆ ದೊರೆತ ಮೊದಲ ಉತ್ತರ ರೂಪಾಂತರ. ಥಾಮಸ್ ಡೇ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬರೆದ ‘ಸ್ಯಾಂಡ್‌ಫರ್ಡ್ ಅಂಡ್ ಮರ್ಟನ್’ ಕಥೆಯನ್ನು ಎಂ. ಎಸ್. ಪುಟ್ಟಣ್ಣನವರು ‘ಸುಮತಿ ಮದನಕುಮಾರರ ಚರಿತ್ರೆ’ಯಾಗಿ ಕನ್ನಡಕ್ಕೆ ತಂದರು. ರೈತನ ಮಗ ಮತ್ತು ಸಿರಿವಂತನ ಮಗ ಇಬ್ಬರ ಬಾಲ್ಯವನ್ನು ಎದುರುಬದುರಾಗಿಸುವ ಈ ಕಥೆ ಹಳ್ಳಿಯ ಬಾಲಕನಿಗೆ ಅಪರಿಚಿತವಾಗಿರಲಿಲ್ಲ. ಹೆಸರು, ಊರು, ಉಡುಗೆ ಬದಲಾದರೂ ಕಥೆಯ ಹುರುಳು ಉಳಿಯಿತು. ಮುಂದೆ ದೇವನಹಳ್ಳಿಯಲ್ಲಿ 1936ರಲ್ಲಿ ಜನಿಸಿದ ಕೆ. ಎಸ್. ನಿಸಾರ್ ಅಹಮದ್ ಅವರು ಷೇಕ್ಸ್‌ಪಿಯರನ ನಾಟಕಗಳನ್ನು ಕನ್ನಡಿಸಿದುದು ಇದೇ ಪರಂಪರೆಯ ಮುಂದುವರಿಕೆ.

ಎರಡನೆಯ ಉತ್ತರ ಈ ನೆಲದ ಬದುಕನ್ನೇ ಇಂಗ್ಲಿಷಿನಲ್ಲಿ ಬರೆದುದು. ಆರ್. ಕೆ. ನಾರಾಯಣರು ಕಾದಂಬರಿಕಾರರಾಗುವ ಮುನ್ನ ಅಲ್ಪಕಾಲ ಚನ್ನಪಟ್ಟಣದಲ್ಲಿ ಉಪಾಧ್ಯಾಯರಾಗಿದ್ದರು. ಈ ಪಟ್ಟಣವು 1986ರಿಂದ 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿತ್ತು. 1935ರಲ್ಲಿ ಪ್ರಕಟವಾದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯ ಬಾಲಕ ಪರೀಕ್ಷೆಗೂ ಮೇಷ್ಟರ ಬೆತ್ತಕ್ಕೂ ಅಂಜುವವನು. ಇಂಗ್ಲಿಷ್ ಕಲಿಯಲು ತಿಣುಕುವ ವಿದ್ಯಾರ್ಥಿ ಇಂಗ್ಲಿಷ್ ಕಥೆಯೊಳಗೆ ತನ್ನನ್ನೇ ಕಾಣುವುದು ಇಲ್ಲಿ ಸಾಧ್ಯವಾಯಿತು.

ತರಗತಿಯ ನಡೆ ಮಾತ್ರ ಬೇರೆ ದಾರಿ ಹಿಡಿಯಿತು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾದಾಗ ದೇಶದಲ್ಲಿ ಬಳಕೆಯಲ್ಲಿದ್ದುದು ವಾಕ್ಯರಚನೆಗಳ ಅಭ್ಯಾಸಕ್ಕೆ ಪ್ರಾಧಾನ್ಯ ನೀಡುವ ಬೋಧನಕ್ರಮ. ಅಭಿಜಾತ ಕಾದಂಬರಿಗಳು ಸಂಕ್ಷಿಪ್ತಗೊಂಡು ‘ನಾನ್‌ಡೀಟೇಲ್’ ಪುಸ್ತಕಗಳಾದವು. ಅವುಗಳ ಸಾರಾಂಶ ಗೈಡುಗಳಿಗಿಳಿಯಿತು. ವಿದ್ಯಾರ್ಥಿ ಕಥೆಯನ್ನು ಓದದೆಯೇ ಉತ್ತರವನ್ನು ಕಂಠಪಾಠ ಮಾಡಬಲ್ಲವನಾದನು. ಇದರಿಂದಾದ ನಷ್ಟ ಭಾಷೆಯದಷ್ಟೇ ಅಲ್ಲ, ಓದಿನ ಸುಖದ್ದೂ ಹೌದು.

ಈ ನಡುವೆ ವಾದವೆಲ್ಲ ಮಾಧ್ಯಮದ ಸುತ್ತ ಕೇಂದ್ರೀಕೃತವಾಯಿತು. 1994ರ ಭಾಷಾನೀತಿಯ ಆದೇಶ, 2007–08ರಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ವಿಷಯವಾಗಿ ಅಳವಡಿಸಿದುದು, ಮಾಧ್ಯಮವನ್ನು ಸರ್ಕಾರ ಹೇರಲಾಗದೆಂದ 2014ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಇದರ ಮೈಲಿಗಲ್ಲುಗಳು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಇಂಗ್ಲಿಷ್ ಈ ತಾಲ್ಲೂಕುಗಳಲ್ಲಿ ಮನೆಬಾಗಿಲಿನ ಉದ್ಯೋಗದ ಭಾಷೆಯೂ ಆಯಿತು. ಯಾವ ಭಾಷೆಯಲ್ಲಿ ಕಲಿಸಬೇಕೆಂಬ ಚರ್ಚೆಯಲ್ಲಿ ಏನನ್ನು ಓದಿಸಬೇಕೆಂಬ ಪ್ರಶ್ನೆ ಹಿಂದೆ ಸರಿಯಿತು.

ಸಮಕಾಲೀನ ಸಾಹಿತ್ಯ ಇದಕ್ಕೊಂದು ದಾರಿ ತೆರೆದಿದೆ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಎ. ಕೆ. ರಾಮಾನುಜನ್ ಅವರ ಅನುವಾದದಲ್ಲಿ 1976ರಲ್ಲಿ ಇಂಗ್ಲಿಷಿಗೆ ಹೋಯಿತು. ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಆಗಿ 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಬಲ್ಲ ಕಥೆಯನ್ನು ಬಾರದ ಭಾಷೆಯಲ್ಲಿ ಓದುವಾಗ ಅರ್ಥ ಮುಂದೆ ನಡೆದು ಪದವನ್ನು ಕೈಹಿಡಿದು ಕರೆತರುತ್ತದೆ. ದೊಡ್ಡಬಳ್ಳಾಪುರದ ನೇಕಾರ ಕುಟುಂಬದಿಂದ ಬಂದ ಡಿ. ಆರ್. ನಾಗರಾಜ್ (1954–1998) ಕನ್ನಡ ಹಾಗೂ ಇಂಗ್ಲಿಷ್ ಎರಡರಲ್ಲಿಯೂ ಚಿಂತನಶೀಲ ಗದ್ಯ ಬರೆದರು. ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯಬೇಕಿಲ್ಲವೆಂಬುದಕ್ಕೆ ಅವರ ಬರಹವೇ ಸಾಕ್ಷಿ. ಪುಟ್ಟಣ್ಣನವರು ಇಂಗ್ಲಿಷಿನಿಂದ ಕನ್ನಡಕ್ಕೆ ಹಾಕಿದ ಹಾದಿಯಲ್ಲಿ ಇಂದಿನ ವಿದ್ಯಾರ್ಥಿ ಕನ್ನಡದಿಂದ ಇಂಗ್ಲಿಷಿಗೆ ನಡೆಯಬಹುದಾಗಿದೆ.