ವಿಮಾನಾನುಕರಣ ಯಂತ್ರಗಳಲ್ಲಿ ಮೋಡವೂ ವೇಗಪ್ರತೀತಿಯೂ

ನೆಲದ ಮೇಲೆಯೇ ಹಾರಾಟವನ್ನು ಕಲಿಸುವ ಯಂತ್ರಗಳ ಇತಿಹಾಸದಲ್ಲಿ ಮೋಡಕ್ಕೆ ಎರಡು ಪಾತ್ರಗಳುಂಟು. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ನಿರ್ಮಿಸಿದ ಯಂತ್ರದಲ್ಲಿ ಹೊರದೃಶ್ಯವೇ ಇರಲಿಲ್ಲ. ಮಾಪಕಗಳನ್ನು ನೋಡಿ ಹಾರುವ ಶಿಕ್ಷಣದಲ್ಲಿ ಮುಚ್ಚಿದ ಗೂಡಿನ ಕತ್ತಲೆಯೇ ಮೋಡವಾಯಿತು. 1934ರಲ್ಲಿ ಅಂಚೆ ಸಾಗಿಸುತ್ತಿದ್ದ ಅಮೆರಿಕನ್ ಸೈನ್ಯದ ಹಲವು ಚಾಲಕರು ಮಡಿದ ಮೇಲೆ ಸೈನ್ಯವು ಈ ಯಂತ್ರಗಳನ್ನು ಕೊಂಡಿತು. ದೇಹದ ಅನಿಸಿಕೆಯನ್ನು ನಂಬಬಾರದೆಂಬುದೇ ಅದರ ಪಾಠ.

ಗಣಕಯಂತ್ರವು ದೃಶ್ಯವನ್ನು ರಚಿಸತೊಡಗಿದ ಬಳಿಕ ಮೋಡವು ವೇಗದ ಅಳತೆಗೋಲೂ ಆಯಿತು. ಸಿಂಧನೂರಿನ ಬಯಲಿನಲ್ಲಿ ಬಸ್ಸಿನಿಂದ ನೋಡಿದರೆ ಹತ್ತಿರದ ಗದ್ದೆಯ ಬದುಗಳು ಹಿಂದಕ್ಕೋಡುತ್ತವೆ; ದೂರದ ಮೋಡ ನಮ್ಮೊಡನೆಯೇ ಬರುವಂತೆ ತೋರುತ್ತದೆ. ಸಮೀಪದ ವಸ್ತುಗಳ ಸರಿದಾಟದಿಂದಲೇ ಕಣ್ಣು ವೇಗವನ್ನು ಅರಿಯುತ್ತದೆ. ಮನಶ್ಶಾಸ್ತ್ರಜ್ಞ ಗಿಬ್ಸನ್ 1950ರ ತಮ್ಮ ಗ್ರಂಥದಲ್ಲಿ ದೃಶ್ಯದ ಈ ಹರಿವನ್ನು ವಿವೇಚಿಸಿದರು. ಎತ್ತರದ ನಿರಭ್ರ ಆಕಾಶದಲ್ಲಿ ಅಂಥ ವಸ್ತುಗಳಿಲ್ಲ. ರೆಕ್ಕೆಯ ಬದಿಯಲ್ಲಿ ಹಾಯುವ ಮೋಡದ ತುಣುಕು ಆ ಕೊರತೆಯನ್ನು ತುಂಬುತ್ತದೆ. ಹಿನ್ನೆಲೆಗೆ ಅಂಟಿಸಿದ ಚಪ್ಪಟೆ ಚಿತ್ರ ತುಂಬಲಾರದು.

ಈ ಅರಿವು ನಮಗೆ ಹೊಸದಲ್ಲ. ಬಸವಪ್ಪಶಾಸ್ತ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡಿಸಿದ ಶಾಕುಂತಲದ ಏಳನೆಯ ಅಂಕದಲ್ಲಿ, ಆಕಾಶದಿಂದಿಳಿಯುವ ದುಷ್ಯಂತನು ಒದ್ದೆಯಾದ ಚಕ್ರದಂಚನ್ನೂ ಚಕ್ರದ ಕಡ್ಡಿಗಳ ನಡುವೆ ನುಸುಳುವ ಚಾತಕಗಳನ್ನೂ ಕಂಡು ಮೇಘಮಾರ್ಗವನ್ನು ಗುರುತಿಸುತ್ತಾನೆ. ಶಿಖರಗಳು ಮೇಲೇಳುತ್ತ ಭೂಮಿಯೇ ಕೆಳಗಿಳಿಯುವಂತೆ ಕಾಣುವುದರಿಂದ ತನ್ನ ಇಳಿತದ ವೇಗವನ್ನು ಅರಿಯುತ್ತಾನೆ.

ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್ ತೇಜಸ್ ವಿಮಾನಕ್ಕೂ ಅನುಕರಣ ಯಂತ್ರವನ್ನು ರೂಪಿಸಿತು. ಇಂಥ ಯಂತ್ರಗಳಲ್ಲಿ ಮೋಡವು ಅಲಂಕಾರವಲ್ಲವೆಂದು ನಾವು ಭಾವಿಸುತ್ತೇವೆ. ಕಣ್ಣನ್ನು ಯಾವಾಗ ನಂಬಬೇಕು, ಯಾವಾಗ ನಂಬಬಾರದು ಎಂಬೆರಡನ್ನೂ ಕಲಿಸುವ ಗುರು ಅದೇ. ಅದರ ಪಾಠ ತಪ್ಪಿದರೆ ಚಾಲಕನು ತೆರಬೇಕಾದ ಬೆಲೆ ಪ್ರಾಣ.