ಮಂಗಳೂರಿನ ರಾಯರು, ಬೆಂಗಳೂರಿನ ಜಡ್ಜ್ ಮತ್ತು ನಮ್ಮ ಹೆಬ್ಬೆಟ್ಟು

ಮೊಬೈಲ್‌ಗೆ ಹೊಸ ಆ್ಯಪ್ ಹಾಕಿಕೊಂಡರೆ ಮೊದಲು ಬರೋದು ಒಂದು ಉದ್ದನೆಯ ಕರಾರು. ಅದಕ್ಕೆ ಪ್ರೈವಸಿ ಪಾಲಿಸಿ ಅಂತ ಹೆಸರು. ಕೆಳಗೆ ‘ಐ ಅಗ್ರಿ’ ಅನ್ನೋ ಬಟನ್. ಅದನ್ನೆಲ್ಲ ಓದೋರು ಯಾರು? ಒತ್ತುತ್ತೇವೆ, ಮುಂದೆ ಹೋಗುತ್ತೇವೆ. ಪತ್ರದಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ಅಜ್ಜಂದಿರ ಕಥೆ ಕೇಳಿ ಅಯ್ಯೋ ಅನ್ನುವ ನಾವು, ಓದು ಬರಹ ಬಲ್ಲ ನಾವು, ಈಗ ಅದೇ ಹೆಬ್ಬೆಟ್ಟನ್ನು ದಿನಾ ಒತ್ತುತ್ತಿದ್ದೇವೆ. ವ್ಯತ್ಯಾಸ ಇಷ್ಟೇ, ಇಲ್ಲಿ ಶಾಯಿ ಅಂಟೋದಿಲ್ಲ.

ಈ ವಿಷಯ ಮಾತಾಡಿದಾಗಲೆಲ್ಲ ನನಗೆ ಬರುವ ಪ್ರಶ್ನೆ ಒಂದೇ. ‘ನಾವೇನು ಕಳ್ಳರಾ ಸಾರ್? ಮುಚ್ಚಿಡೋಕೆ ನಮ್ಮ ಹತ್ರ ಏನಿದೆ?’ ಪ್ರಶ್ನೆ ಸರಿಯಾಗಿಯೇ ಇದೆ ಅನಿಸುತ್ತೆ. ಆದರೆ ಆ ಬಟನ್ ಒತ್ತಿ ನಾವು ಬಿಟ್ಟುಕೊಡುತ್ತಿರುವ ಹಕ್ಕು ಇದೆಯಲ್ಲ, ಅದು ಈ ದೇಶದ ಪ್ರಜೆಗೆ ಸಿಗೋದಕ್ಕೆ ಬರೋಬ್ಬರಿ 70 ವರ್ಷ ಹಿಡಿಯಿತು. ಆ ಕಥೆಯ ಆರಂಭದಲ್ಲಿ ಒಬ್ಬರು ಮಂಗಳೂರಿನವರಿದ್ದಾರೆ. ಕೊನೆಯಲ್ಲಿ ಒಬ್ಬರು ಬೆಂಗಳೂರಿನವರು.

1947. ಸಂವಿಧಾನ ರಚನಾ ಸಭೆಯ ಮೂಲಭೂತ ಹಕ್ಕುಗಳ ಉಪಸಮಿತಿ ಕೂತಿತ್ತು. ಡಾ. ಅಂಬೇಡ್ಕರ್ ತಮ್ಮ ಕರಡಿನಲ್ಲಿ, ಜನರ ಮೈ, ಮನೆ, ಕಾಗದಪತ್ರಗಳನ್ನು ಸಕಾರಣವಿಲ್ಲದೆ ಶೋಧಿಸಬಾರದು ಅಂತ ಬರೆದಿದ್ದರು. ಕೆ.ಎಂ. ಮುನ್ಷಿ ತಮ್ಮ ಕರಡಿನಲ್ಲಿ ಮನೆಯ ರಕ್ಷಣೆಯ ಜೊತೆಗೆ ಪತ್ರವ್ಯವಹಾರದ ಗುಟ್ಟನ್ನೂ ಸೇರಿಸಿದ್ದರು. ಇವತ್ತಿನ ಭಾಷೆಯಲ್ಲಿ ಹೇಳಬೇಕೆಂದರೆ, ಪ್ರೈವಸಿ ಮತ್ತು ಡೇಟಾ ಎರಡೂ ಆ ಕರಡುಗಳಲ್ಲೇ ಇದ್ದವು.

ವಿರೋಧ ಬಂದಿದ್ದು ಇಬ್ಬರು ಮಹಾಮೇಧಾವಿಗಳಿಂದ. ಒಬ್ಬರು ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್. ಇನ್ನೊಬ್ಬರು ನಮ್ಮವರೇ, ಮಂಗಳೂರಿನಲ್ಲಿ ಹುಟ್ಟಿದ ಸರ್ ಬೆನಗಲ್ ನರಸಿಂಗ ರಾಯರು. ಸಂವಿಧಾನ ಸಲಹೆಗಾರರಾಗಿ ಮೊದಲ ಕರಡು ಸಿದ್ಧಪಡಿಸಿದವರು, ಮುಂದೆ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ಕೂತವರು. ವಾರಂಟ್ ಇಲ್ಲದೆ ಶೋಧ ಮಾಡುವಂತಿಲ್ಲ ಅಂತಾದರೆ ಪೊಲೀಸರ ತನಿಖೆಯ ಕೈ ಕಟ್ಟಿದಂತಾಗುತ್ತದೆ ಅನ್ನೋದು ರಾಯರ ಆತಂಕ. ಪತ್ರದ ಗುಟ್ಟನ್ನು ಮೂಲಭೂತ ಹಕ್ಕು ಮಾಡಿದರೆ ಸಾಕ್ಷ್ಯದ ಕಾನೂನಿಗೇ ತೊಡಕು ಅನ್ನೋದು ಅಯ್ಯರ್ ವಾದ. ರಾಯರನ್ನು ನಾನು ಖಂಡಿತ ಹಳಿಯೋದಿಲ್ಲ. ದೇಶ ಹೊತ್ತಿ ಉರಿಯುತ್ತಿದ್ದ ಕಾಲವದು. ಪೊಲೀಸ್ ವ್ಯವಸ್ಥೆ ಕುಸಿದುಬಿಟ್ಟರೆ ಅನ್ನೋ ಭಯ ಸುಳ್ಳಲ್ಲ. ಅಂತೂ ಆ ಕಲಂ ಬಿದ್ದುಹೋಯಿತು. 1948ರ ಡಿಸೆಂಬರ್‌ನಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಇದನ್ನು ಮತ್ತೆ ತಿದ್ದುಪಡಿಯಾಗಿ ತಂದರು. ಅಂಬೇಡ್ಕರ್ ಒಪ್ಪಿದರು. ಸಭೆ ಒಪ್ಪಲಿಲ್ಲ.

ಬಿದ್ದುಹೋದ ಒಂದು ಕಲಂನಿಂದ ಏನು ಮಹಾ ನಷ್ಟ ಅಂತೀರಾ? ಕೇಳಿ. 1954ರಲ್ಲಿ ದಾಲ್ಮಿಯಾ ಸಮೂಹದ ಕಂಪನಿಯೊಂದಕ್ಕೆ ಸಂಬಂಧಿಸಿದ ಶೋಧದ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಎಂ.ಪಿ. ಶರ್ಮಾ ಪ್ರಕರಣ ಅಂತಾರೆ. ಎಂಟು ನ್ಯಾಯಮೂರ್ತಿಗಳ ಪೀಠ ಹೇಳಿದ್ದರ ಸಾರಾಂಶ ಇದು: ಅಮೆರಿಕದ ಸಂವಿಧಾನದಲ್ಲಿರುವಂಥ ಖಾಸಗಿತನದ ರಕ್ಷಣೆಯನ್ನು ನಮ್ಮ ಹಿರಿಯರು ಬರೆದಿಲ್ಲ, ಅವರು ಬರೆಯದ್ದನ್ನು ನಾವು ಎಳೆದು ತರಲಾಗದು. ಅಂದರೆ 1947ರಲ್ಲಿ ಅಳಿಸಿದ ಸಾಲು 1954ರಲ್ಲಿ ಸಾಮಾನ್ಯನ ಕೈಗೆ ಸಿಗಲಿಲ್ಲ.

ಮುಂದಿನ ಪ್ರಕರಣ ಉತ್ತರ ಪ್ರದೇಶದ ಖಡಕ್ ಸಿಂಗ್‌ನದ್ದು. 1941ರಲ್ಲಿ ಡಕಾಯಿತಿ ಕೇಸಿನಲ್ಲಿ ಹಿಡಿದರು. ಸಾಕ್ಷ್ಯ ಇಲ್ಲ ಅಂತ ಬಿಟ್ಟರು. ಆದರೆ ಪೊಲೀಸರು ಅವನ ಹೆಸರಲ್ಲಿ ಹಿಸ್ಟರಿ ಶೀಟ್ ತೆರೆದರು. ನಮ್ಮಲ್ಲಿ ರೌಡಿ ಶೀಟ್ ಅಂತೀವಲ್ಲ, ಅದರ ಅಣ್ಣ. ಆಮೇಲೆ ಶುರುವಾಯಿತು ನೋಡಿ. ರಾತ್ರಿ ಹೊತ್ತು ಮನೆ ಮುಂದೆ ಬಂದು ಕೂಗೋದು, ಬಾಗಿಲು ಬಡಿಯೋದು, ಮಲಗಿದವನನ್ನು ಎಬ್ಬಿಸೋದು. ಬೇರೆ ಊರಿಗೆ ಹೋಗಬೇಕೆಂದರೆ ಚೌಕೀದಾರನಿಗೆ ಹೇಳಿಯೇ ಹೋಗಬೇಕು. ‘ಮುಚ್ಚಿಡೋಕೆ ಏನಿದೆ’ ಅಂತ ಕೇಳಿದಿರಲ್ಲ? ಈ ಮನುಷ್ಯನ ವಿರುದ್ಧ ಸಾಕ್ಷ್ಯವೇ ಇರಲಿಲ್ಲ. ಆದರೂ ಬಾಗಿಲು ಬಡಿಯೋದು ನಿಲ್ಲಲಿಲ್ಲ. ಮನೆಗೆ ಬಾಗಿಲು ಇಡೋದು ಕದ್ದ ಮಾಲು ಬಚ್ಚಿಡೋಕಲ್ಲ ಸ್ವಾಮಿ, ಯಾರು ಯಾವಾಗ ಒಳಗೆ ಬರಬೇಕು ಅಂತ ನಾವು ತೀರ್ಮಾನ ಮಾಡೋಕೆ.

1962ರ ಡಿಸೆಂಬರ್ 18ರಂದು ತೀರ್ಪು ಬಂತು. ಆರು ನ್ಯಾಯಮೂರ್ತಿಗಳು. ರಾತ್ರಿ ಬಾಗಿಲು ಬಡಿಯೋದು ತಪ್ಪು ಅಂದರು. ಆದರೆ ಖಾಸಗಿತನ ಅನ್ನೋ ಹಕ್ಕು ಸಂವಿಧಾನದಲ್ಲಿಲ್ಲ, ಉಳಿದ ಕಣ್ಗಾವಲು ನಡೆಯಬಹುದು ಅಂತ ಬಹುಮತದ ತೀರ್ಪು ಹೇಳಿತು. ನ್ಯಾ. ಸುಬ್ಬರಾವ್ ಒಪ್ಪಲಿಲ್ಲ. ಖಾಸಗಿತನ ಇಲ್ಲದ ಸ್ವಾತಂತ್ರ್ಯ ಸ್ವಾತಂತ್ರ್ಯವೇ ಅಲ್ಲ ಅನ್ನುವ ಅರ್ಥದಲ್ಲಿ ಭಿನ್ನಮತ ಬರೆದರು. ನ್ಯಾ. ಷಾ ಜೊತೆ ನಿಂತರು. ಇಬ್ಬರ ಮಾತು ಪುಸ್ತಕದಲ್ಲಿ ಉಳಿಯಿತು, ನಾಲ್ವರ ಮಾತು ಕಾನೂನಾಯಿತು.

ಬಾಗಿಲು ಆಯ್ತು, ಇನ್ನು ಟೆಲಿಫೋನ್. ಇದು ಕರ್ನಾಟಕಕ್ಕೆ ಚೆನ್ನಾಗಿ ಗೊತ್ತಿರುವ ಕಥೆ. ರಾಜಕಾರಣಿಗಳ, ಪತ್ರಕರ್ತರ ಫೋನ್ ಕದ್ದಾಲಿಸಲಾಗಿದೆ ಅನ್ನೋ ಆರೋಪ ಎದ್ದು, 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಎಸ್.ಆರ್. ಬೊಮ್ಮಾಯಿ ಆ ಕುರ್ಚಿಗೆ ಬಂದರು. ಆಗ ಫೋನ್ ಕದ್ದಾಲಿಕೆಗೆ ಇದ್ದ ಕಾನೂನು ಯಾವುದು ಗೊತ್ತಾ? ಬ್ರಿಟಿಷರ 1885ರ ಟೆಲಿಗ್ರಾಫ್ ಕಾಯ್ದೆ! ಯಾರು ಆದೇಶ ಕೊಡಬೇಕು, ಎಷ್ಟು ದಿನ ಕೇಳಬಹುದು ಅನ್ನೋದಕ್ಕೆ ಸರಿಯಾದ ನಿಯಮವೇ ಇರಲಿಲ್ಲ. ಪಿಯುಸಿಎಲ್ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. 1996ರಲ್ಲಿ, ಕಾಕತಾಳೀಯವಾಗಿ ಅದೇ ಡಿಸೆಂಬರ್ 18ರಂದು ತೀರ್ಪು. ಫೋನಿನ ಮಾತು ಖಾಸಗಿತನದ ಭಾಗ, ಗೃಹ ಕಾರ್ಯದರ್ಶಿ ಮಟ್ಟದ ಆದೇಶ ಬೇಕು, ಎರಡು ತಿಂಗಳಿಗೆ ಆದೇಶ ಮುಗಿಯಬೇಕು, ಮುಂದುವರಿಸಿದರೂ ಆರು ತಿಂಗಳು ಮೀರಬಾರದು, ಮೇಲೊಂದು ಪರಿಶೀಲನಾ ಸಮಿತಿ ಇರಬೇಕು ಅಂತ ಕೋರ್ಟ್ ಕಟ್ಟು ಹಾಕಿತು.

ಒಳ್ಳೆಯದಾಯ್ತು ಅಂದುಕೊಂಡಿರಾ? ಅಡಿಪಾಯದಲ್ಲೇ ಬಿರುಕಿತ್ತು. ಇದು ಇಬ್ಬರು ನ್ಯಾಯಮೂರ್ತಿಗಳ ಪೀಠ. ಖಾಸಗಿತನ ಹಕ್ಕಲ್ಲ ಅಂದಿದ್ದು ಎಂಟು ಜನ ಮತ್ತು ಆರು ಜನರ ಪೀಠಗಳು. ನಮ್ಮ ವ್ಯವಸ್ಥೆಯಲ್ಲಿ ದೊಡ್ಡ ಪೀಠದ ಮಾತೇ ಮಾತು. ಆ ಹಳೆಯ ತೀರ್ಪುಗಳನ್ನು ಯಾರಾದರೂ ಎತ್ತಿ ತೋರಿಸಿದರೆ ಮುಗೀತು.

ಎತ್ತಿ ತೋರಿಸಿಯೇಬಿಟ್ಟರು. ಯಾರು? ಭಾರತ ಸರ್ಕಾರ.

2012ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ನಿವೃತ್ತಿಯಾಗಿ 26 ವರ್ಷ ಆಗಿತ್ತು. ವಯಸ್ಸು 86. ಮೊಮ್ಮಕ್ಕಳ ಜೊತೆ ಕಾಲ ಕಳೆಯುವ ವಯಸ್ಸಿನಲ್ಲಿ ಬೆಂಗಳೂರಿನ ಈ ಹಿರಿಯರು ಕೇಳಿದ್ದು ಸರಳ ಪ್ರಶ್ನೆ. ಸಂಸತ್ತು ಕಾನೂನೇ ಮಾಡಿಲ್ಲ, ಹಾಗಿದ್ದ ಮೇಲೆ ಆಧಾರ್ ಹೆಸರಿನಲ್ಲಿ ಜನರ ಬೆರಳಚ್ಚು, ಕಣ್ಣಿನ ಪಾಪೆಯ ಗುರುತು ಯಾವ ಅಧಿಕಾರದ ಮೇಲೆ ತಗೊಳ್ತಿದ್ದೀರಿ? ಆಧಾರ್ ಪ್ರಾಧಿಕಾರ ಹುಟ್ಟಿದ್ದು 2009ರಲ್ಲಿ, ಕೇವಲ ಸರ್ಕಾರಿ ಆದೇಶದ ಮೇಲೆ. ಕಾಯ್ದೆ ಬಂದಿದ್ದು 2016ರಲ್ಲಿ.

2015ರಲ್ಲಿ ಅಟಾರ್ನಿ ಜನರಲ್ ಎದ್ದು ನಿಂತು, ಖಾಸಗಿತನ ಮೂಲಭೂತ ಹಕ್ಕೇ ಅಲ್ಲ, ಬೇಕಾದರೆ ಎಂ.ಪಿ. ಶರ್ಮಾ ನೋಡಿ, ಖಡಕ್ ಸಿಂಗ್ ನೋಡಿ ಅಂತ ವಾದಿಸಿದರು. ನನಗನಿಸೋದು, ಆ ವಾದ ಬರದಿದ್ದರೆ ಈ ಹಕ್ಕು ಇನ್ನೂ ತೂಗುಯ್ಯಾಲೆಯಲ್ಲೇ ಇರುತ್ತಿತ್ತು. ಎಂಟು ಜನರ ತೀರ್ಪು ತಪ್ಪು ಅನ್ನೋಕೆ ಒಂಬತ್ತು ಜನ ಬೇಕು. 2017ರಲ್ಲಿ ಒಂಬತ್ತು ಜನ ಕೂತರು. ಅವರಲ್ಲಿ ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾ. ಎಸ್. ಅಬ್ದುಲ್ ನಜೀರ್ ಕೂಡ ಒಬ್ಬರು. ಆಗಸ್ಟ್ 24ರಂದು ಒಂಬತ್ತೂ ಜನ ಒಂದೇ ಮಾತು ಹೇಳಿದರು: ಖಾಸಗಿತನ ಮೂಲಭೂತ ಹಕ್ಕು. ಹಳೆಯ ಎರಡೂ ತೀರ್ಪುಗಳ ಆ ಭಾಗ ರದ್ದಾಯಿತು. ಸುಬ್ಬರಾವ್ ಅವರ ಭಿನ್ನಮತಕ್ಕೆ 55 ವರ್ಷಗಳ ನಂತರ ಗೌರವ ಸಿಕ್ಕಿತು. ಆಗ ಪುಟ್ಟಸ್ವಾಮಿಯವರಿಗೆ 91.

ಆ ತೀರ್ಪು ಸರ್ಕಾರಕ್ಕಷ್ಟೇ ಬುದ್ಧಿ ಹೇಳಲಿಲ್ಲ. ನ್ಯಾ. ಸಂಜಯ್ ಕಿಶನ್ ಕೌಲ್ ತಮ್ಮ ಭಾಗದಲ್ಲಿ ಊಬರ್, ಫೇಸ್‌ಬುಕ್ ಹೆಸರು ಹಿಡಿದೇ ಬರೆದರು. ನಾವು ಎಲ್ಲಿ ಹೋಗುತ್ತೇವೆ, ಯಾರ ಸ್ನೇಹಿತರು ಅನ್ನೋದು ಈ ಕಂಪನಿಗಳಿಗೆ ಗೊತ್ತು ಅಂತ. ಮರುವರ್ಷ ಆಧಾರ್ ತೀರ್ಪು ಬಂತು. ಯೋಜನೆ ಉಳಿಯಿತು, ಆದರೆ ಸಿಮ್‌ಗೆ, ಬ್ಯಾಂಕ್ ಖಾತೆಗೆ ಆಧಾರ್ ಕಡ್ಡಾಯ ಅನ್ನೋದು ಬಿತ್ತು.

ಈಗ ನಮ್ಮ ಹೆಬ್ಬೆಟ್ಟಿಗೆ ಬರೋಣ. 2014ರಲ್ಲಿ ಫೇಸ್‌ಬುಕ್ ವಾಟ್ಸ್‌ಆ್ಯಪನ್ನು ಕೊಂಡುಕೊಂಡಿತು. 2016ರ ಆಗಸ್ಟ್‌ನಲ್ಲಿ ವಾಟ್ಸ್‌ಆ್ಯಪ್ ತನ್ನ ಪಾಲಿಸಿ ಬದಲಾಯಿಸಿ, ಬಳಕೆದಾರರ ಮಾಹಿತಿಯನ್ನು ಫೇಸ್‌ಬುಕ್ ಜೊತೆ ಹಂಚಿಕೊಳ್ಳುತ್ತೇನೆ ಅಂದಿತು. ಇಬ್ಬರು ವಿದ್ಯಾರ್ಥಿಗಳು ದೆಹಲಿ ಹೈಕೋರ್ಟಿಗೆ ಹೋದರು. ಗಡುವಿನೊಳಗೆ ಖಾತೆ ಅಳಿಸಿದವರ ಮಾಹಿತಿ ಅಳಿಸಿ, ಉಳಿದವರ ಹಳೆಯ ಮಾಹಿತಿ ಹಂಚಬೇಡಿ ಅಂತ ಕೋರ್ಟ್ ಹೇಳಿತು. 2021ರ ಜನವರಿಯಲ್ಲಿ ಮತ್ತೊಂದು ಪಾಲಿಸಿ. ಈ ಸಲ ಬೇಕಾದರೆ ಒಪ್ಪು, ಇಲ್ಲದಿದ್ದರೆ ಎದ್ದು ಹೋಗು. ಕಂಪನಿ ನಮ್ಮ ಮೆಸೇಜ್ ಓದುತ್ತದೆ ಅಂತ ಆಗ ಗುಲ್ಲೆದ್ದಿತ್ತು, ಅದು ಸರಿಯಲ್ಲ. ಪೋಸ್ಟ್‌ಮ್ಯಾನ್ ಲಕೋಟೆ ಒಡೆಯಲಿಲ್ಲ, ಆದರೆ ಲಕೋಟೆಯ ಮೇಲಿರೋದನ್ನೆಲ್ಲ ಬರೆದಿಟ್ಟುಕೊಂಡ. ನಿಮ್ಮ ನಂಬರ್, ಯಾವ ಫೋನ್, ಯಾವ ಐಪಿ ವಿಳಾಸ, ಯಾವ ಅಂಗಡಿಯವರ ಜೊತೆ ಏನು ವ್ಯವಹಾರ. ಜಾಹೀರಾತಿನ ವ್ಯಾಪಾರಕ್ಕೆ ಲಕೋಟೆ ಸಾಕು.

ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ಯುರೋಪಿನಲ್ಲಿ 2018ರಿಂದ ಜಿಡಿಪಿಆರ್ ಅನ್ನೋ ಗಟ್ಟಿ ಕಾನೂನು ಇತ್ತು. ಹಾಗಾಗಿ ಅಲ್ಲಿನವರಿಗೆ ಬೇರೆ ಪಾಲಿಸಿ. ಸರ್ಕಾರದ ಲೆಕ್ಕದಲ್ಲೇ ಆಗ 53 ಕೋಟಿ ಬಳಕೆದಾರರಿದ್ದ ಭಾರತಕ್ಕೆ ಸಡಿಲ ಪಾಲಿಸಿ. ಅದೇ ಆ್ಯಪ್, ಅದೇ ಹಸಿರು ಬಣ್ಣ, ಪಂಕ್ತಿ ಮಾತ್ರ ಬೇರೆ! ಒಂಬತ್ತು ಜನರ ಪೀಠದಲ್ಲಿದ್ದ ಬೊಬ್ಡೆಯವರೇ ಆಗ ಮುಖ್ಯ ನ್ಯಾಯಮೂರ್ತಿ. ನಿಮ್ಮ ಕಂಪನಿ ಎಷ್ಟೇ ಲಕ್ಷ ಕೋಟಿಯದ್ದಾಗಿರಲಿ, ಜನಕ್ಕೆ ಖಾಸಗಿತನ ಹಣಕ್ಕಿಂತ ದೊಡ್ಡದು ಅನ್ನುವ ಅರ್ಥದ ಮಾತನ್ನು ಅವರು ಕೋರ್ಟಿನಲ್ಲೇ ಹೇಳಿದರು. 2024ರ ನವೆಂಬರ್‌ನಲ್ಲಿ ಸ್ಪರ್ಧಾ ಆಯೋಗ ಇದೇ ಪಾಲಿಸಿಗಾಗಿ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಬೇಡ ಅನ್ನೋ ದಾರಿಯೇ ಇಲ್ಲದ ಕಡೆ ‘ಹ್ಞೂಂ’ ಅಂದರೆ ಅದು ಒಪ್ಪಿಗೆ ಅಲ್ಲ ಅನ್ನೋದೇ ಅದರ ತಿರುಳು.

ಕೊನೆಗೆ ನಮಗೂ ಕಾನೂನು ಬಂತು. ನ್ಯಾ. ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಕರಡು ಕೊಟ್ಟಿತು. 2019ರಲ್ಲಿ ಮಸೂದೆ ಬಂತು, 2022ರಲ್ಲಿ ಸರ್ಕಾರ ವಾಪಸ್ ತಗೊಂಡಿತು, 2023ರ ಆಗಸ್ಟ್‌ನಲ್ಲಿ ಹೊಸ ರೂಪದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಾಯಿತು. ನಿಯಮಗಳು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ. ನನ್ನ ಬಗ್ಗೆ ನಿಮ್ಮ ಹತ್ರ ಏನಿದೆ ಅಂತ ಕೇಳುವ ಹಕ್ಕು, ತಪ್ಪಿದ್ದರೆ ತಿದ್ದಿಸುವ, ಬೇಡದ್ದನ್ನು ಅಳಿಸುವ ಹಕ್ಕು, ಕೊಟ್ಟ ಒಪ್ಪಿಗೆ ಹಿಂದಕ್ಕೆ ಪಡೆಯುವ ಹಕ್ಕು, ಎಲ್ಲವೂ ಇದರಲ್ಲಿವೆ. ಭದ್ರತೆ ಕಾಯದ ಕಂಪನಿಗೆ 250 ಕೋಟಿವರೆಗೆ ದಂಡ.

ಹಾಗಂತ ಚಪ್ಪಾಳೆ ತಟ್ಟಿ ಸುಮ್ಮನಾಗುವಂತಿಲ್ಲ. ಆ ದಂಡದ ಹಣ ಸರ್ಕಾರದ ಖಜಾನೆಗೆ ಹೋಗುತ್ತದೆ, ಮಾಹಿತಿ ಸೋರಿ ನಷ್ಟವಾದ ನಿಮಗಲ್ಲ. ಸರ್ಕಾರ ಬಯಸಿದರೆ ತನ್ನ ಯಾವುದೇ ಸಂಸ್ಥೆಗೆ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ವಿನಾಯಿತಿ ಕೊಡಬಹುದು. ರಾಯರ ಕಾಲದ ಆತಂಕ ಇನ್ನೂ ಹೋಗಿಲ್ಲ ನೋಡಿ. ಜೊತೆಗೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಂ ಬದಲಾಯಿತು. ಅಧಿಕಾರಿಗಳ ಬಗ್ಗೆ ಸಾರ್ವಜನಿಕ ಹಿತಕ್ಕೆ ಮಾಹಿತಿ ಕೇಳಿದರೆ, ಅದು ವೈಯಕ್ತಿಕ ಅಂತ ಬಾಗಿಲು ಹಾಕೋದು ಈಗ ಸುಲಭ. ಸುದ್ದಿಮನೆಯಲ್ಲಿ ಕೂತ ನನಗೆ ಇದು ಚುಚ್ಚುತ್ತದೆ. ಪ್ರಜೆಯ ಬಾಗಿಲಿಗೆ ಅಂತ ಮಾಡಿಸಿದ ಚಿಲಕವನ್ನು ಸರ್ಕಾರಿ ಕಚೇರಿಯ ಬೀರುವಿಗೆ ಹಾಕಿದರೆ ಹೇಗೆ?

ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನ ತೀರ್ಪನ್ನು ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಓದುತ್ತಾರೆ. ಅವರ ಊರಿನ ನಾವು ಮಾಡಬಹುದಾದ ಒಂದು ಸಣ್ಣ ಕೆಲಸ ಇದೆ. ಹೊಸ ಕಾಯ್ದೆಯ 5ನೇ ಕಲಂ ಪ್ರಕಾರ, ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ಓದುವ ಆಯ್ಕೆಯನ್ನು ಕಂಪನಿ ಕೊಡಬೇಕು. ಅದರಲ್ಲಿ ಕನ್ನಡವೂ ಇದೆ. ಆ ಹೊಣೆ ಜಾರಿಗೆ ಬಂದ ಮೇಲೆ, ಯಾವ ಆ್ಯಪ್ ನಿಮ್ಮ ಹೆಬ್ಬೆಟ್ಟು ಕೇಳಿದರೂ ಮೊದಲು ಅದನ್ನು ಕೇಳಿ. ಪತ್ರ ಕನ್ನಡದಲ್ಲಿ ಕೊಡಿ, ಓದಿ ಹೇಳ್ತೀನಿ ಅನ್ನಿ. ಕೊಡದಿದ್ದರೆ ದೂರು ಕೊಡಿ. ಇಷ್ಟನ್ನೂ ಕೇಳದೆ ಒತ್ತಿಬಿಟ್ಟರೆ, 86ನೇ ವಯಸ್ಸಿನಲ್ಲಿ ಒಬ್ಬರು ಕೋರ್ಟಿಗೆ ಹೋಗಿದ್ದು ಯಾರಿಗಾಗಿ?