ಟೆಲಿಫೋನ್ ಎಕ್ಸ್‌ಚೇಂಜಿನ ಭಾಷೆಯಲ್ಲೊಂದು ವೆಬ್ ಸರ್ವರ್

ಟೆಲಿಫೋನ್ ಎಕ್ಸ್‌ಚೇಂಜಿಗೆ ರಜೆ ಎಂಬುದಿಲ್ಲ. ಊರಿಗೆ ಊರೇ ಮಲಗಿದ್ದಾಗಲೂ ಯಾರದೋ ಮನೆಯಲ್ಲಿ ಹೆರಿಗೆ ನೋವು ಶುರುವಾಗಿ ಇನ್ಯಾರೋ ರಿಸೀವರ್ ಎತ್ತಬಹುದು. ಸಾವಿರಾರು ಮಂದಿ ಏಕಕಾಲಕ್ಕೆ ಮಾತನಾಡುತ್ತಿರುವಾಗ ಒಂದು ಕರೆ ಕೆಟ್ಟರೆ ಅದೊಂದೇ ಕಡಿಯಬೇಕು; ಪಕ್ಕದವರ ಮಾತು ನಿಲ್ಲಕೂಡದು. ದುರಸ್ತಿಗೆಂದು ಇಡೀ ಯಂತ್ರವನ್ನು ಆರಿಸುವಂತೆಯೂ ಇಲ್ಲ. ಈ ಕಷ್ಟದ ಹೊಟ್ಟೆಯಲ್ಲಿ ಹುಟ್ಟಿದ ಕಂಪ್ಯೂಟರ್ ಭಾಷೆಯೇ ಎರ್ಲಾಂಗ್. ಜಾವಾ, ಸಿ ಮುಂತಾದ ಭಾಷೆಗಳನ್ನು ಬಲ್ಲವರ ಎದುರು ಇದನ್ನು ಬಲ್ಲವರ ಸಂಖ್ಯೆ ಇಂದಿಗೂ ಬಲು ಚಿಕ್ಕದು.

ಹೆಸರು ಬಂದದ್ದು ಡೆನ್ಮಾರ್ಕಿನ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್ ಅವರಿಂದ (1878-1929). ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ದುಡಿಯುತ್ತ, ಇಷ್ಟು ಕರೆಗಳಿಗೆ ಎಷ್ಟು ತಂತಿ ಬೇಕು ಎಂಬ ಲೆಕ್ಕವನ್ನು ಶಾಸ್ತ್ರವಾಗಿಸಿದವರು ಅವರು. ದೂರವಾಣಿ ದಟ್ಟಣೆಯನ್ನು ಅಳೆಯುವ ಮಾನಕ್ಕೂ ಅವರದೇ ಹೆಸರು. ಭಾಷೆ ರೂಪುಗೊಂಡದ್ದು ಮಾತ್ರ ಪಕ್ಕದ ಸ್ವೀಡನ್ನಿನಲ್ಲಿ. ಎರಿಕ್‌ಸನ್ ಕಂಪನಿಯ ಪ್ರಯೋಗಾಲಯದಲ್ಲಿ ಜೋ ಆರ್ಮ್‌ಸ್ಟ್ರಾಂಗ್ 1986ರಲ್ಲಿ ಅದಕ್ಕೆ ಕೈ ಹಾಕಿದರು. ರಾಬರ್ಟ್ ವರ್ಡಿಂಗ್, ಮೈಕ್ ವಿಲಿಯಮ್ಸ್ ಜತೆಗೂಡಿದರು.

ಅವರ ಉಪಾಯ ಸರಳ. ಪ್ರತಿ ಕರೆಗೂ ಒಬ್ಬೊಬ್ಬ ಪುಟ್ಟ ಆಳು. ಒಬ್ಬ ಇನ್ನೊಬ್ಬನ ಡಬ್ಬಿಗೆ ಕೈ ಹಾಕುವಂತಿಲ್ಲ, ಏನಿದ್ದರೂ ಚೀಟಿ ಬರೆದು ಕಳಿಸಬೇಕು. ಒಬ್ಬ ಬಿದ್ದರೆ ಬೀಳಲಿ! ಮೇಲ್ವಿಚಾರಕ ನೋಡಿಕೊಂಡು ಅವನ ಜಾಗದಲ್ಲಿ ಹೊಸಬನನ್ನು ನಿಲ್ಲಿಸುತ್ತಾನೆ. ತಪ್ಪೇ ಆಗದಂತೆ ಕಟ್ಟುತ್ತೇವೆಂದು ಹೊರಡುವ ಎಂಜಿನಿಯರುಗಳ ನಡುವೆ, ತಪ್ಪು ಆಗಿಯೇ ತೀರುತ್ತದೆಂದು ಒಪ್ಪಿಕೊಂಡು ಕಟ್ಟಿದವರು ಇವರು. ನನ್ನ ಮಟ್ಟಿಗೆ ಈ ಭಾಷೆಯ ದೊಡ್ಡಸ್ತಿಕೆ ಇರುವುದು ಅಲ್ಲೇ.

ಆದರೆ ಹೆತ್ತ ಮನೆಯೇ ಮಗುವನ್ನು ಹೊರಗಿಟ್ಟಿತು. 1998ರ ಫೆಬ್ರುವರಿಯಲ್ಲಿ ಎರಿಕ್‌ಸನ್ನಿನ ರೇಡಿಯೊ ವಿಭಾಗ ತನ್ನ ಹೊಸ ಉತ್ಪನ್ನಗಳಿಗೆ ಎರ್ಲಾಂಗ್ ಬಳಸಕೂಡದೆಂದು ಆಜ್ಞೆ ಹೊರಡಿಸಿತು. ಜಗತ್ತೆಲ್ಲ ಬಳಸುವ ಭಾಷೆ ಇರುವಾಗ ಸ್ವಂತದ್ದೊಂದನ್ನು ಸಾಕುವ ಖರ್ಚೇಕೆ ಎಂಬುದು ವಾದ. ವಿಚಿತ್ರವೆಂದರೆ, ಅದೇ ಕಂಪನಿ ಅದೇ ವರ್ಷ ಹೊರತಂದ ಎಎಕ್ಸ್‌ಡಿ 301 ಎಂಬ ಸ್ವಿಚ್ಚಿನಲ್ಲಿ ಎರ್ಲಾಂಗಿನ ಹತ್ತು ಲಕ್ಷಕ್ಕೂ ಹೆಚ್ಚು ಸಾಲುಗಳಿದ್ದವು. ಒಳಗೆ ಬೇಡವಾದದ್ದನ್ನು ಹೊರಗಿನವರಿಗಾದರೂ ಕೊಡಿ ಎಂದು ಅದರ ಅಭಿಮಾನಿಗಳು ಒತ್ತಾಯಿಸಿದರು. ‘ಓಪನ್ ಸೋರ್ಸ್’ ಎಂಬ ಮಾತು ಚಲಾವಣೆಗೆ ಬಂದದ್ದೂ ಅದೇ ವರ್ಷ. ಡಿಸೆಂಬರಿನಲ್ಲಿ ಎರ್ಲಾಂಗಿನ ಮೂಲಪಠ್ಯ ಎಲ್ಲರಿಗೂ ತೆರೆಯಿತು. ಅದಾದ ಕೆಲವೇ ದಿನಗಳಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ಕೆಲಸ ಬಿಟ್ಟು ಬ್ಲೂಟೇಲ್ ಎಂಬ ಸ್ವಂತ ಕಂಪನಿ ಕಟ್ಟಿದರು.

ಹಾಗೆ ಹೊರನಡೆದವರಲ್ಲಿ ಕ್ಲೇಸ್ ವಿಕ್‌ಸ್ಟ್ರಾಮ್ ಒಬ್ಬರು. ಎರ್ಲಾಂಗಿನ ದತ್ತಸಂಚಯ ‘ನೀಸಿಯಾ’ವನ್ನು ಕಟ್ಟಿದವರಲ್ಲೂ ಅವರು ಒಬ್ಬರು. ಈ ಶತಮಾನದ ಆರಂಭದಲ್ಲಿ ಅವರು ಎರ್ಲಾಂಗಿನಲ್ಲೇ ಒಂದು ವೆಬ್ ಸರ್ವರ್ ಬರೆದು, ಬೇಕಾದವರು ತಿದ್ದಿಕೊಳ್ಳಲೆಂದು ಬಿಟ್ಟುಕೊಟ್ಟರು. ವೆಬ್ ಸರ್ವರ್ ಎಂದರೆ ನಾವು ಕೇಳಿದ ಪುಟವನ್ನು ಹುಡುಕಿ ಕಳಿಸುವ ಗುಮಾಸ್ತ. ಆಗಲೇ ಅಂಥವು ಬೇಕಾದಷ್ಟಿದ್ದುದರಿಂದ ‘ಮತ್ತೊಂದು ವೆಬ್ ಸರ್ವರ್’ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರ ಕೂಡಿಸಿ ‘ಯಾಸ್’ ಎಂದು ಹೆಸರಿಟ್ಟರು. (ಅದೇ ಹೆಸರಿನ ಚರ್ಮರೋಗವೊಂದಿದೆ, ಅದು ಭಾರತದಿಂದ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸಾರಿತು.)

ಆ ಕಾಲದ ಮಹಾರಾಜ ಅಪಾಚೆ. 2002ರಲ್ಲಿ ಸ್ವೀಡನ್ನಿನಲ್ಲಿ ಅಲಿ ಘೋಡ್ಸಿ ಎಂಬವರು ಎರಡನ್ನೂ ಪರೀಕ್ಷೆಗೆ ಹಚ್ಚಿದರು. ಸುಮಾರು 4,000 ಸಂಪರ್ಕ ಒಟ್ಟಿಗೆ ಬಂದಾಗ ಅಪಾಚೆ ಕುಸಿಯಿತು; ಯಾಸ್ 80,000 ದಾಟಿದರೂ ನಿಂತಿತ್ತು. ಇದನ್ನು ಯಾಸ್‌ನ ಗೆಲುವೆಂದು ಕುಣಿದಾಡಿದವರಿದ್ದಾರೆ. ಅದು ಪೂರ್ತಿ ನ್ಯಾಯವಲ್ಲ. ಅಪಾಚೆ ಪ್ರತಿ ಗಿರಾಕಿಗೂ ಕಾರ್ಯಾಚರಣ ವ್ಯವಸ್ಥೆಯಿಂದ ದೊಡ್ಡ ಆಳನ್ನು ಕರೆಸುತ್ತಿತ್ತು, ಎರ್ಲಾಂಗ್ ತನ್ನ ಮನೆಯೊಳಗಿನ ಪುಟ್ಟ ಆಳುಗಳಿಂದಲೇ ಕೆಲಸ ಸಾಗಿಸುತ್ತಿತ್ತು, ಅಷ್ಟೇ. ಅಂದಿನ ಬಹುಪಾಲು ವೆಬ್ ತಾಣಗಳಿಗೆ ಅಷ್ಟು ಜನ ಒಟ್ಟಿಗೆ ಬರುತ್ತಲೂ ಇರಲಿಲ್ಲ. ಜನಪ್ರಿಯತೆಯಲ್ಲಿ ಯಾಸ್ ಅಪಾಚೆಯ ಹತ್ತಿರಕ್ಕೂ ಸುಳಿಯಲಿಲ್ಲ. ಇಷ್ಟಾದರೂ ಆ ಅಂಕಿಯ ಬೆಲೆ ತಿಳಿಯಲು ಬಹಳ ವರ್ಷ ಬೇಕಾಗಲಿಲ್ಲ. 2012ರ ಆರಂಭದಲ್ಲಿ ವಾಟ್ಸಾಪ್ ಎರ್ಲಾಂಗಿನ ಬಲದಿಂದ ಒಂದೇ ಯಂತ್ರದಲ್ಲಿ 20 ಲಕ್ಷ ಸಂಪರ್ಕಗಳನ್ನು ಹಿಡಿದಿಟ್ಟಿತ್ತು.

ಇಂಥ ಅಲ್ಪಸಂಖ್ಯಾತ ಭಾಷೆಯ ಸರ್ವರ್ ಬದುಕುವುದು ಹೇಗೆ? ಹೆಸರಾದ ತಂತ್ರಾಂಶಕ್ಕೆ ಸಾವಿರ ಕೈ. ಇಲ್ಲಿ ತಿದ್ದುಪಡಿ ಕಳಿಸುವವರಿರಲಿ, ಕಳಿಸಿದ್ದನ್ನು ಓದಿ ಸರಿಯೋ ತಪ್ಪೋ ಹೇಳಬಲ್ಲವರೇ ಬೆರಳೆಣಿಕೆಯವರು. ಹಾಗಾಗಿ ಹೊಸಬನೊಬ್ಬ ಬಂದರೆ ಮನೆಗೆ ಮಳೆ ಬಂದಂತೆ. ಅಮೆರಿಕದ ಸ್ಟೀವ್ ವಿನೋಸ್ಕಿ ಹಾಗೆ ಬಂದವರು. ಅವರು ಸಿ ಪ್ಲಸ್ ಪ್ಲಸ್ ಲೋಕದಲ್ಲಿ ದೊಡ್ಡ ಹೆಸರು. ಕಾರ್ಬಾ ಎಂಬ ವ್ಯವಸ್ಥೆಯ ಮೇಲೆ 1999ರಲ್ಲಿ ಬಂದ ಹೆಸರಾಂತ ಗ್ರಂಥದ ಸಹಲೇಖಕರು. ಅದೆಲ್ಲವನ್ನೂ ಬದಿಗಿಟ್ಟು ಎರ್ಲಾಂಗಿಗೆ ಬಂದಾಗ ಅವರ ಕಣ್ಣಿಗೆ ಯಾಸ್‌ನ ಒಂದು ಕೊರತೆ ಬಿತ್ತು.

ಬಾವಿಯಿಂದ ಸೇದಿದ ನೀರನ್ನು ಒಳಗಿನ ಹಂಡೆಗೆ ಸುರಿದು, ಹಂಡೆಯಿಂದ ಮತ್ತೆ ಕೊಡಕ್ಕೆ ತುಂಬಿ, ಹೊರಗೆ ತಂದು ಗಿಡಕ್ಕೆ ಹಾಕಿದರೆ ಹೇಗೆ? ದೊಡ್ಡ ಕಡತ ಕಳಿಸುವಾಗ ಯಾಸ್ ಮಾಡುತ್ತಿದ್ದುದು ಅದೇ. ಡಿಸ್ಕಿನಿಂದ ಓದಿದ್ದನ್ನು ತನ್ನ ಒಡಲಿಗೆ ತಂದುಕೊಂಡು, ಮತ್ತೆ ಜಾಲದತ್ತ ದಾಟಿಸುತ್ತಿತ್ತು. ನೇರವಾಗಿ ಹರಿಸಲು ಕಾರ್ಯಾಚರಣ ವ್ಯವಸ್ಥೆಗಳಲ್ಲಿ ‘ಸೆಂಡ್‌ಫೈಲ್’ ಎಂಬ ಕಾಲುವೆಯೇನೋ ಇತ್ತು. ಆದರೆ ಅದಕ್ಕೆ ಎರ್ಲಾಂಗಿನಿಂದ ಬಾಗಿಲಿರಲಿಲ್ಲ. 2009ರ ಆರಂಭದಲ್ಲಿ ವಿನೋಸ್ಕಿ ಸಿ ಭಾಷೆಯಲ್ಲಿ ಆ ಬಾಗಿಲನ್ನು ಬರೆದುಕೊಟ್ಟರು. ಲಿನಕ್ಸಿನಲ್ಲಿ ಅದನ್ನು ಕರೆಯುವ ರೀತಿ ಒಂದು, ಮ್ಯಾಕ್ ಮತ್ತು ಫ್ರೀಬಿಎಸ್‌ಡಿಗಳಲ್ಲಿ ಬೇರೆ ಬೇರೆ, ಎಲ್ಲಕ್ಕೂ ಹೊಂದಿಸಬೇಕು. ಅಪಾಯವೂ ಇತ್ತು: ಎರ್ಲಾಂಗಿನ ಒಳಗೆ ಒಬ್ಬ ಆಳು ಬಿದ್ದರೆ ಮನೆ ಉಳಿಯುತ್ತದೆ, ಹೀಗೆ ಕಸಿ ಮಾಡಿದ ಸಿ ತುಣುಕು ಎಡವಿದರೆ ಮನೆಯೇ ಬೀಳುತ್ತದೆ.

ಆ ತುಣುಕು ನಿಂತಿತು. ವಿನೋಸ್ಕಿ ಯಾಸ್‌ನ ಮುಖ್ಯ ಪಾಲಕರಲ್ಲಿ ಒಬ್ಬರಾದರು. 2011ರ ಡಿಸೆಂಬರಿನಲ್ಲಿ ಬಂದ ಎರ್ಲಾಂಗಿನ ಆವೃತ್ತಿಯಲ್ಲಿ ಸೆಂಡ್‌ಫೈಲ್ ಭಾಷೆಯ ಜತೆಯಲ್ಲೇ ಸಿಗತೊಡಗಿತು. ಅಲ್ಲಿಂದ ಮುಂದೆ ಆ ಸೌಲಭ್ಯಕ್ಕಾಗಿ ಯಾರೂ ತಮ್ಮದೇ ಸಿ ತುಣುಕನ್ನು ಬರೆದುಕೊಳ್ಳಬೇಕಾಗಿರಲಿಲ್ಲ.